ಉಗ್ರಿಗಾಗಿ ಮೂವರು

ರಾಜಾನುಕುಂಟೆ
13 ಜುಲೈ 2025, ಭಾನುವಾರ

ಅಮ್ಮಾ,

ನೀನೂ ಅಪ್ಪನೂ ಬಸ್ ಹತ್ತಿ ಇನ್ನೂ ಒಂದು ಗಂಟೆಯಾಗಿಲ್ಲ, ಆಗಲೇ ಕಾಗದ ಬರೆಯಲು ಕೂತಿದ್ದೇನೆ. ಅಪ್ಪ ಪಕ್ಕದಲ್ಲೇ ಇದ್ದರಲ್ಲ, ಬಾಯಿಬಿಟ್ಟು ಹೇಳಲಾಗಲಿಲ್ಲ. ಮುಂದಿನ ಭೇಟಿ ದಿನ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಫೋನಿಲ್ಲ, ಮನೆಗೂ ಬಿಡುವುದಿಲ್ಲ. ಶೆಟ್ಟಿಹಳ್ಳಿಯಿಂದ ಈ ಕಾಲೇಜಿಗೆ ಒಂದು ಗಂಟೆಯ ದಾರಿ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಕಾಗದಕ್ಕೆ ಮಾತ್ರ ಅಡ್ಡಿಯಿಲ್ಲ. ವಾರ್ಡನ್ ಓದಿಯೇ ಕಳಿಸುತ್ತಾರೆ, ಓದಿಕೊಳ್ಳಲಿ ಬಿಡು.

ವಿಷಯ ಏನೆಂದರೆ, ಬೀರುವಿನಲ್ಲಿ ನನ್ನ ಹಳೇ ಚೂಡಿದಾರ್‌ಗಳ ಕೆಳಗೆ ಗಾಜು ಒಡೆದಿರುವ ನನ್ನ ಫೋನ್ ಇದೆ. ಅದರಲ್ಲಿ ‘ಕಾಡುಕಾಳಗ’ ಅಂತ ಒಂದು ಆಟ. ನಗಬೇಡ, ಮೊದಲೇ ಹೇಳಿದ್ದೇನೆ. ಮೃಗಗಳನ್ನು ಸಾಕಿ, ತಾಲೀಮು ಕೊಟ್ಟು, ಬೇರೆಯವರ ಮೃಗಗಳ ಮೇಲೆ ಬಿಡುವ ಆಟ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಿಂದ ಈ ಹಾಸ್ಟೆಲಿಗೆ ಸೇರುವವರೆಗೂ ಆಡುತ್ತಿದ್ದೆ, ಅಪ್ಪನಿಗೆ ಗೊತ್ತಿಲ್ಲ. ದಿನಕ್ಕೊಂದು ಸಲ ಮೇವು ಹಾಕದಿದ್ದರೆ ಅವು ಸೊರಗುತ್ತವೆ. ನವೆಂಬರಿನಲ್ಲಿ ಸಹಕಾರನಗರದಲ್ಲಿ ಪಂದ್ಯ ಇದೆ. ನಾನಂತೂ ಬರುವ ಹಾಗಿಲ್ಲ. ನಿನ್ನ ಹೆಸರು ಕೊಟ್ಟು ನೀನೇ ಆಡಬೇಕು.

ತಂಡಕ್ಕೆ ನಾಲ್ಕು ಮೃಗ. ಉಗ್ರಿ ಅಂತ ಒಂದಿದೆ, ಹೋರಿಯ ಕೊಂಬು, ಉಡದ ಬಾಲ, ಬಾಯಲ್ಲಿ ಬೆಂಕಿ. ಹೊಡೆಯುವುದು ಅದೊಂದೇ. ಉಳಿದ ಮೂರೂ ಇರುವುದು ಅದಕ್ಕೋಸ್ಕರ. ಬಂಡೆಮರಿ ಆಮೆಯ ಥರ, ಮುಂದೆ ನಿಂತು ಎದುರಾಳಿಯ ಏಟೆಲ್ಲ ತಾನೇ ತಿನ್ನುತ್ತದೆ. ಸುಂಟರಿ ಅನ್ನುವ ಹಕ್ಕಿ ರೆಕ್ಕೆ ಬಡಿದು ಉಗ್ರಿಗೆ ವೇಗ ಕೊಡುತ್ತದೆ. ಮದ್ದಮ್ಮ ಅನ್ನುವ ಕಪ್ಪೆ ಗಾಯ ಮಾಯಿಸುತ್ತದೆ. ದೊಡ್ಡ ವಿದ್ಯೆಯೇನಲ್ಲ, ಕಟೋರಿ ಬ್ಲೌಸ್ ಹೊಲಿಯುವವಳಿಗೆ ಇದು ಬರದೇ ಇರುತ್ತದಾ?

ದಿನಾ ಮೇವು ಹಾಕು ಅಮ್ಮಾ. ನನ್ನದು ಅಂತ ಇರುವುದು ಅದೊಂದೇ.

ನಿನ್ನ
ನಂದಿತಾ


ಶೆಟ್ಟಿಹಳ್ಳಿ
21 ಜುಲೈ 2025

ನಂದೂ,

ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕೆಂದು ನಿಮ್ಮಜ್ಜಿ ಪಕ್ಕದಲ್ಲಿ ಕೂತು ತಿವಿಯುತ್ತಿದ್ದಾರೆ. ಕ್ಷೇಮವೇ. ಸುಸ್ತು, ಅಷ್ಟೇ.

ಅಲ್ಲ ಕಣೇ, ಒಂದು ವರ್ಷದಿಂದ ಮನೆಯೊಳಗೆ ಇಂಥದ್ದೊಂದು ಗೂಳಿ ಸಾಕಿಕೊಂಡು, ಹೆತ್ತ ತಾಯಿಗೆ ಒಂದು ಮಾತು ಹೇಳಲಿಲ್ಲವಲ್ಲ! ಫೋನ್ ಚಾರ್ಜಿಗೆ ಹಾಕಿ ತೆರೆದೆ. ಉಗ್ರಿ ಬಾಯಿ ಬಿಟ್ಟು ಅಬ್ಬರಿಸಿದ ರಭಸಕ್ಕೆ ಕೈಯಲ್ಲಿದ್ದ ಸೂಜಿ ಬಿದ್ದದ್ದು ಇನ್ನೂ ಸಿಕ್ಕಿಲ್ಲ. ಮದ್ದಮ್ಮನ ಮುಖವಂತೂ ಎದುರು ಮನೆ ಮುನಿಕೆಂಪಮ್ಮನದೇ. ಅದೇ ಉಬ್ಬಿದ ಕೆನ್ನೆ, ಅದೇ ಅನುಮಾನದ ನೋಟ. ಇನ್ನು ಮೇಲೆ ಆಯಮ್ಮ ಬ್ಲೌಸ್ ಅಳತೆ ಕೊಡಲು ಬಂದರೆ ನಗು ತಡೆಯುವುದು ಹೇಗೋ ಗೊತ್ತಿಲ್ಲ.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನನ್ನ ಆಟದ ಹೊತ್ತು. ಆ ಹೊತ್ತಿಗೆ ನಿಮ್ಮಪ್ಪ ನೀರಿನ ಟ್ಯಾಂಕರ್ ತೆಗೆದುಕೊಂಡು ಮೂರನೇ ಟ್ರಿಪ್ಪಿಗೆ ಹೋಗಿರುತ್ತಾರೆ. ಈಗ ದಿನಕ್ಕೆ ಐದು ಟ್ರಿಪ್ ಮಾಡಿದ್ದಾರೆ. ಬಂದವರು ಚಪ್ಪಲಿ ಬಿಡುವುದಕ್ಕೂ ತ್ರಾಣವಿಲ್ಲದೆ ಗೋಡೆಗೆ ಒರಗಿ ನಿದ್ದೆ ಹೋಗುತ್ತಾರೆ. ಅಜ್ಜಿಯ ಕಣ್ಣಿನ ಆಪರೇಷನ್ ನಿನ್ನ ಪರೀಕ್ಷೆ ಮುಗಿದ ಮೇಲೆ ಅಂತ ಆಯಿತು. ಈಗಲೇ ಮಾಡಿಸೋಣ ಅಂದೆ, ಕೇಳಲಿಲ್ಲ. “ಮೊದ್ಲು ಮೊಗ ಡಾಕ್ಟ್ರಾಗ್ಲಿ ಕಣಮ್ಮಿ, ನನ್ ಕಣ್ ಎಲ್ಲೋಯ್ತದೆ? ಇಂಗೇ ಮಬ್ಬಾಗ್ ಕಂಡ್ರೂ ಸಾಕು” ಅಂದರು. ಸರ್ಕಲ್ಲಿನಲ್ಲಿ ಕಟ್ಟಿದ್ದ ನಿನ್ನ ಎಸ್ಸೆಸ್ಸೆಲ್ಸಿ ಫ್ಲೆಕ್ಸ್ ಬಣ್ಣ ಹೋಗಿದೆ. ನಿಮ್ಮಪ್ಪ ತೆಗೆಯಲು ಬಿಡುತ್ತಿಲ್ಲ.

ಒಂದು ಸಂಶಯ. ಆ ಬಂಡೆಮರಿ ಹೊತ್ತಾರೆಯಿಂದ ಏಟು ತಿನ್ನುತ್ತಲೇ ಇರುತ್ತದಲ್ಲ, ಅದು ತಿರುಗಿ ಹೊಡೆಯುವುದು ಯಾವಾಗ?

ಚೆನ್ನಾಗಿ ಊಟ ಮಾಡು. ನಿನ್ನ ಗೂಳಿಗೂ ಹಾಕಿದ್ದೇನೆ.

ಅಮ್ಮ


ರಾಜಾನುಕುಂಟೆ
10 ಆಗಸ್ಟ್ 2025, ಭಾನುವಾರ

ಅಮ್ಮಾ,

ಬಂಡೆಮರಿ ಹೊಡೆಯುವುದೇ ಇಲ್ಲ. ಅದರ ಕೆಲಸ ಅದಲ್ಲ. ನಿನ್ನ ಪ್ರಶ್ನೆ ಓದಿ ಫಾಯಿಜಾ ಬಿದ್ದು ಬಿದ್ದು ನಕ್ಕಳು. ಫಾಯಿಜಾ ನನ್ನ ರೂಮ್‌ಮೇಟ್, ಆರ್.ಟಿ. ನಗರದವಳು, ನಿನ್ನ ಕಾಗದ ಬಂದರೆ ನನಗಿಂತ ಮೊದಲು ಅವಳೇ ಓದುತ್ತಾಳೆ.

ಈಗ ಮುಖ್ಯವಾದದ್ದು, ಗಮನ ಇಟ್ಟು ಓದು. ಪ್ರತಿ ಮೃಗಕ್ಕೂ ನೂರು ತಾಲೀಮು ಅಂಕ ಸಿಗುತ್ತದೆ. ಅದನ್ನು ಹೊಡೆತ, ವೇಗ, ತಡೆ ಅಂತ ಹಂಚಬೇಕು. ಉಗ್ರಿಗೆ ನೂರಕ್ಕೆ ನೂರೂ ಹೊಡೆತಕ್ಕೆ ಹಾಕು. ತಡೆ ಸೊನ್ನೆ ಇರಲಿ. ಅಕ್ಟೋಬರ್ ಹತ್ತಕ್ಕೆ ತಂಡಕ್ಕೆ ಬೀಗ ಬೀಳುತ್ತದೆ, ಆಮೇಲೆ ಒಂದು ಅಂಕವನ್ನೂ ಬದಲಾಯಿಸುವಂತಿಲ್ಲ.

ಪಾಪ, ಅದಕ್ಕೆ ಏಟು ಬಿದ್ದರೆ ಅಂತೀಯ. ನನಗೆ ಗೊತ್ತು. ಬೀಳಬಾರದು ಅಂತಲೇ ಆ ಮೂವರು ಇರುವುದು. ಅವರು ಸತ್ತರೂ ಪರವಾಗಿಲ್ಲ, ಉಗ್ರಿ ನಿಂತಿರಬೇಕು. ಉಗ್ರಿ ಬಿದ್ದರೆ ಅವರೆಲ್ಲ ಕಣ್ಣು ಬಿಟ್ಟುಕೊಂಡು ನಿಲ್ಲಬೇಕಷ್ಟೆ. ಅವರು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ.

ನಾನು ಎ ಬ್ಯಾಚಿನ ಮೊದಲ ಬೆಂಚಿನಲ್ಲಿದ್ದೇನೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ. ವಾರಕ್ಕೊಂದು ಟೆಸ್ಟು, ಸೋಮವಾರ ಗೋಡೆಗೆ ಪಟ್ಟಿ. ಡೈರೆಕ್ಟರ್ ಸರ್ ಕ್ಲಾಸಿಗೆ ಬಂದರೆ ಮೊದಲು ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ. “ನಂದಿತಾ, ಈ ಸಲ ಸ್ಟೇಟ್ ರ್‍ಯಾಂಕ್ ಅಂದ್ರೆ ನೀನೇ ಕಣಮ್ಮ, ನಿನ್ನ ಬಿಟ್ರೆ ಯಾರಿದ್ದಾರೆ” ಅನ್ನುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ. ನಾನು ನಗುತ್ತೇನೆ. ದಿನಾ ಹೀಗೆ ನಕ್ಕು ನಕ್ಕು ಕೆನ್ನೆ ನೋಯುತ್ತದೆ ಅಮ್ಮಾ.

ಅಜ್ಜಿಯ ಆಪರೇಷನ್ ನನ್ನ ಸಲುವಾಗಿ ನಿಲ್ಲಿಸಬೇಡಿ. ದಯವಿಟ್ಟು.

ನಂದಿತಾ


ಶೆಟ್ಟಿಹಳ್ಳಿ
29 ಆಗಸ್ಟ್ 2025

ನಂದೂ,

ಹಬ್ಬ ಮುಗಿಯಿತು, ನನ್ನ ಸೊಂಟವೂ ಮುಗಿಯಿತು. ಗೌರಿ ಹಬ್ಬಕ್ಕೆ ಐವತ್ತಮೂರು ಬ್ಲೌಸ್. ಹಬ್ಬದ ದಿನ ಬೆಳಿಗ್ಗೆ ಬಾಗಿನ ಕೊಡಲು ಹೊರಟವಳು ಮುನಿಕೆಂಪಮ್ಮ ಬಾಗಿಲಲ್ಲೇ ನಿಂತು ಹುಕ್ ಹಾಕಿಸಿಕೊಂಡು ಹೋದಳು. ಒಬ್ಬಟ್ಟು ಮಾಡಿ ಕಳಿಸೋಣ ಅಂದರೆ ನಿಮ್ಮ ಹಾಸ್ಟೆಲಿನಲ್ಲಿ ಹೊರಗಿನದು ಬಿಡುವುದಿಲ್ಲ. ನಿನ್ನ ಎಲೆ ಹಾಕಿ, ಬಡಿಸಿ, ಆಮೇಲೆ ನಾನೇ ತಿಂದೆ.

ಅಜ್ಜಿಗೆ ಗುಟ್ಟು ಗೊತ್ತಾಯಿತು. ಮೊನ್ನೆ ಮಧ್ಯಾಹ್ನ ಆಟದ ಮಧ್ಯೆ ಉಗ್ರಿ ಕಿರುಚಿದ್ದು ಕೇಳಿ ತಡವರಿಸಿಕೊಂಡು ಬಂದರು. “ಏನಮ್ಮಿ ಅದು, ಇಂಗ್ ಅರಚ್ತದೆ?” ಅಂದರು.

“ಸಾಕಿದ್ದು ಅತ್ತೆ, ನಂದೂದು.”

“ಆಲ್ ಕೊಡ್ತದಾ?”

“ಇಲ್ಲ, ಹೊಡೀತದೆ.”

“ಇನ್ಯಾಕ್ ಸಾಕೋದು ಅದ್ನ, ಕೆಲ್ಸ ಇಲ್ವಾ!” ಅಂದು ಹೋಗಿ ಮಲಗಿದರು.

ದಿನಕ್ಕೆ ಎರಡು ಅಭ್ಯಾಸದ ಪಂದ್ಯ ಆಡುತ್ತಿದ್ದೇನೆ. ಮೊದಲ ವಾರ ಎಲ್ಲದರಲ್ಲೂ ಒದೆ ತಿಂದೆ. ನಾನು ಎಲ್ಲರ ಕೈಯಲ್ಲೂ ಹೊಡೆಸಲು ನೋಡುತ್ತಿದ್ದೆ, ಅದೇ ತಪ್ಪು. ಈಗ ಬಂಡೆಮರಿಯನ್ನು ಮುಂದೆ ಬಿಟ್ಟು, ಸುಂಟರಿ ರೆಕ್ಕೆ ಬಡಿಯುವವರೆಗೆ ತಡೆದು, ಆಮೇಲೆ ಉಗ್ರಿಯನ್ನು ಎಬ್ಬಿಸುತ್ತೇನೆ. ನಿನ್ನೆ ಹೆಬ್ಬಾಳದ ಯಾವನೋ ಒಬ್ಬನನ್ನು ಮೂರೇ ಏಟಿಗೆ ಮಲಗಿಸಿದೆ. ಆ ಸಂತೋಷಕ್ಕೆ ಒಬ್ಬಳೇ ಎದ್ದು ಕಾಫಿ ಮಾಡಿಕೊಂಡು ಕುಡಿದೆ ಕಣೇ.

ಕೆನ್ನೆ ನೋವಿಗೆ ಬಿಸಿ ಉಪ್ಪುನೀರು ಬಾಯಿ ಮುಕ್ಕಳಿಸು, ಹಲ್ಲು ಹುಳುಕಾಗಿರಬೇಕು. ಅಜ್ಜಿಯ ವಿಚಾರವನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ, ನೀನು ಓದು. ನೀನೊಬ್ಬಳು ದಡ ಸೇರಿದರೆ ನಮ್ಮದೆಲ್ಲ ಆದ ಹಾಗೆ.

ಅಮ್ಮ


ರಾಜಾನುಕುಂಟೆ
21 ಸೆಪ್ಟೆಂಬರ್ 2025, ಭಾನುವಾರ

ಅಮ್ಮಾ,

ಇವತ್ತು ಮನೆಯಲ್ಲಿ ಪಕ್ಷದ ಹಬ್ಬ. ಎಡೆ ಇಟ್ಟಿರುತ್ತೀರಿ. ಇಲ್ಲಿ ಬೆಳಿಗ್ಗೆ ಟೆಸ್ಟು, ಮಧ್ಯಾಹ್ನ ಟೆಸ್ಟಿನ ಚರ್ಚೆ.

ಹೋದ ವಾರ ಭೇಟಿ ದಿನ ಬಂದಾಗ ನೀನು ನನ್ನ ಕೈ ಹಿಡಿದು ಯಾಕೆ ಇಷ್ಟು ತೆಳ್ಳಗಾಗಿದ್ದೀಯ ಅಂದೆ. ನಾನು ಹಾಸ್ಟೆಲ್ ಊಟ ಅಂದೆ. ಅಪ್ಪ ವಾಚ್‌ಮನ್ ಮಹಾಲಿಂಗಪ್ಪನವರಿಗೂ ‘ನಮ್ ಹುಡುಗೀದೇ ಸ್ಟೇಟ್ ರ್‍ಯಾಂಕು’ ಅಂತ ಹೇಳಿ ಹೋದರಂತೆ. ಅವರು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಅಷ್ಟು ವಯಸ್ಸಾದವರು.

ಉಗ್ರಿಗೆ ಸುಸ್ತಾಗುತ್ತದಾ ಅಂತ ಕಿವಿಯಲ್ಲಿ ಕೇಳಿದೆಯಲ್ಲ, ಅಪ್ಪ ಹತ್ತಿರ ಇದ್ದದ್ದಕ್ಕೆ ಉತ್ತರ ಕೊಡಲಿಲ್ಲ. ಆಗುವುದಿಲ್ಲ. ಆ ಆಟದಲ್ಲಿ ಸುಸ್ತು ಅನ್ನುವುದೇ ಇಲ್ಲ. ಅದಕ್ಕೇ ನನಗೆ ಅದು ಇಷ್ಟ.

ಬೇರೆ ಏನೂ ಇಲ್ಲ. ಬರೆಯಲು ಬಹಳ ಇದೆ ಅಂದುಕೊಂಡು ಕೂತೆ, ಪೆನ್ನು ಹಿಡಿದರೆ ಏನೂ ಬರುತ್ತಿಲ್ಲ.

ಅಂಕ ಹಾಕುವುದು ಮರೆಯಬೇಡ. ನೂರಕ್ಕೆ ನೂರು.

ನಂದಿತಾ


ಶೆಟ್ಟಿಹಳ್ಳಿ
12 ಅಕ್ಟೋಬರ್ 2025

ನಂದೂ,

ಬಯ್ಯಬೇಡ. ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ಮೊನ್ನೆ ಶುಕ್ರವಾರ ತಂಡಕ್ಕೆ ಬೀಗ ಬಿತ್ತು. ಬಂಡೆಮರಿ, ಸುಂಟರಿ, ಮದ್ದಮ್ಮ ಮೂರಕ್ಕೂ ಅವುಗಳ ಕೆಲಸ ನೋಡಿ ನೂರೂ ಹಾಕಿದೆ. ಉಗ್ರಿಗೆ ಎಂಬತ್ತು ಹಾಕಿದೆ. ಉಳಿದ ಇಪ್ಪತ್ತು ಹಾಗೇ ಬಿಟ್ಟೆ. ‘ಅಂಕ ಉಳಿದಿದೆ, ಖಂಡಿತವಾಗಿಯೂ ಮುಗಿಸಬೇಕೇ’ ಅಂತ ಎರಡೆರಡು ಸಲ ಕೇಳಿತು. ಹೌದು ಅಂತ ಒತ್ತಿದೆ.

ಯಾಕೆ ಅಂದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಯಾರಿಗೂ ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿಕೊಟ್ಟವಳಲ್ಲ. ಒಳಗಡೆ ಎರಡು ಬೆರಳು ಬಿಟ್ಟೇ ಬಿಡುತ್ತೇನೆ. ಮೈ ದಪ್ಪವಾಗುತ್ತದೆ, ಬಸಿರಾಗುತ್ತಾರೆ, ಆಮೇಲೆ ಬಿಚ್ಚಿಕೊಳ್ಳಲು ಬೇಕಲ್ಲ. ಇರುವುದನ್ನೆಲ್ಲ ಒಂದೇ ಕಡೆ ಸುರಿ ಅಂದರೆ ಕೈ ಬರಲಿಲ್ಲ. ಬೇಕಾದಾಗ ಹಾಕಿಕೊಳ್ಳೋಣ, ಇರಲಿ ಅನ್ನಿಸಿತು. ಬೀಗ ಬಿದ್ದ ಮೇಲೆ ಬೇಕೆಂದರೂ ಹಾಕಲಾಗುವುದಿಲ್ಲ ಅಂತ ನೀನು ಬರೆದಿದ್ದದ್ದು ಒತ್ತಿದ ಮೇಲೆ ನೆನಪಿಗೆ ಬಂತು. ಅದನ್ನು ಹೊಡೆತಕ್ಕೂ ಕೊಡಲಿಲ್ಲ, ತಡೆಗೂ ಕೊಡಲಿಲ್ಲ, ನೋಡು ನನ್ನ ಬುದ್ಧಿ.

ನಿನ್ನಿಂದ ಮೂರು ವಾರವಾಯಿತು ಕಾಗದವಿಲ್ಲ. ನಿಮ್ಮಪ್ಪನನ್ನು ಕೇಳಿದರೆ “ಚೆನ್ನಾಗ್ ಓದ್ತಾವಳೆ, ಕಾಲೇಜಿಂದ ಮೆಸೇಜ್ ಬಂದಿತ್ತು” ಅಂದರು. ಹಾಗಿದ್ದರೆ ಸರಿ.

ಅಮ್ಮ


ರಾಜಾನುಕುಂಟೆ
26 ಅಕ್ಟೋಬರ್ 2025, ಭಾನುವಾರ

ಅಮ್ಮಾ,

ಒಂದೇ ಒಂದು ಕೆಲಸ ಹೇಳಿದ್ದೆ. ಎರಡು ಕಾಗದದಲ್ಲಿ ಬರೆದಿದ್ದೆ. ನೂರಕ್ಕೆ ನೂರು ಅಂತ.

ಎಂಬತ್ತರ ಉಗ್ರಿಯನ್ನು ಇಟ್ಟುಕೊಂಡು ಏನು ಮಾಡುವುದು? ಒಂದೇ ಏಟಿಗೆ ಬೀಳಬೇಕಾದವನು ಬೀಳುವುದಿಲ್ಲ, ಎದ್ದು ತಿರುಗಿ ಹೊಡೆಯುತ್ತಾನೆ. ಮೂವರು ಪಟ್ಟ ಕಷ್ಟಕ್ಕೆ ಏನು ಬೆಲೆ? ಎಲ್ಲರನ್ನೂ ಬಲಿ ಕೊಟ್ಟ ಮೇಲೆ ಅದು ಗೆಲ್ಲಲೇಬೇಕು ಅಮ್ಮಾ. ಎಂಬತ್ತು ತೆಗೆದುಕೊಳ್ಳುವ ಹಕ್ಕೇ ಅದಕ್ಕಿಲ್ಲ. ನಿನಗೆ ಇದು ಬ್ಲೌಸು, ನನಗೆ ಅಲ್ಲ.

ಇಷ್ಟು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ. ಹರಿದು ಹಾಕೋಣ ಅಂದುಕೊಂಡೆ, ಮತ್ತೆ ಬರೆಯಲು ತ್ರಾಣವಿಲ್ಲ, ಹಾಗೇ ಕಳಿಸುತ್ತಿದ್ದೇನೆ.

ಪಂದ್ಯ ನವೆಂಬರ್ ಒಂಬತ್ತು, ಭಾನುವಾರ. ಇಲ್ಲಿ ಭೇಟಿ ದಿನವೂ ಅವತ್ತೇ. ನೀನು ಇಲ್ಲಿಗೆ ಬರಬೇಡ. ಪಂದ್ಯಕ್ಕೆ ಹೋಗು. ಅಪ್ಪನೂ ಒಬ್ಬರೇ ಬರುವುದು ಬೇಡ, ಟ್ರಿಪ್ ತಪ್ಪುತ್ತದೆ. ನಾನು ಚೆನ್ನಾಗಿದ್ದೇನೆ, ಓದುವುದು ಬಹಳ ಇದೆ. ನೀವು ಬಂದರೆ ನನ್ನ ಅರ್ಧ ದಿನ ಹಾಳು.

ಖಂಡಿತ ಪಂದ್ಯಕ್ಕೇ ಹೋಗು.

ನಂದಿತಾ


ಶೆಟ್ಟಿಹಳ್ಳಿ
10 ನವೆಂಬರ್ 2025

ನಂದೂ,

ಹೋಗಿ ಬಂದೆ. ಕಾಲು ಬಾತುಕೊಂಡಿದೆ, ಬಿಸಿನೀರಿನಲ್ಲಿ ಅದ್ದಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಮಾತಿಗೆ ಎರಡು ದಿನ ನೋವಾಯಿತು, ಮೂರನೇ ದಿನ ಹೋಯಿತು. ಮುನಿಕೆಂಪಮ್ಮ ಇದಕ್ಕಿಂತ ಜಾಸ್ತಿ ಬಯ್ದಿದ್ದಾಳೆ, ಅದೂ ಬ್ಲೌಸ್ ಸರಿಯಾಗಿದ್ದಾಗ. ಆದರೂ ಬೆಳಿಗ್ಗೆ ಬಸ್ ಹತ್ತುವಾಗ ರಾಜಾನುಕುಂಟೆಗೇ ಬಂದುಬಿಡೋಣ ಅನ್ನಿಸಿತು. ಅರ್ಧ ದಿನ ಹಾಳು ಅಂದಿದ್ದೆಯಲ್ಲ, ಸುಮ್ಮನಾದೆ.

ಸಹಕಾರನಗರದಲ್ಲಿ ಪಾರ್ಕಿನ ಎದುರು ಒಂದು ಮಹಡಿಯ ಹಾಲು. ಬಾಗಿಲಲ್ಲಿದ್ದವನು “ಆಂಟಿ, ಪೇರೆಂಟ್ಸ್ ಎಲ್ಲ ಕೆಳಗ್ ಕೂತ್ಕೋಬೇಕು” ಅಂದ. “ನಾನೇ ಆಡೋಳು ಕಣಪ್ಪ, ಪಟ್ಟಿ ನೋಡು” ಅಂದೆ. ಪಟ್ಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಪಟ್ಟಿ ನೋಡಿದ. ಒಳಗೆ ಅರುವತ್ತು ಎಪ್ಪತ್ತು ಜನ. ಸೀರೆ ಉಟ್ಟವಳು ನಾನೊಬ್ಬಳೇ.

ಮೊದಲನೇ ಸುತ್ತು ಗೆದ್ದೆ. ಎರಡನೇ ಸುತ್ತಿನಲ್ಲಿ ಯಲಹಂಕದ ಹುಡುಗಿ, ಪಾಪ, ಅವಳನ್ನೂ ಗೆದ್ದೆ. ಹಿಂದಿನಿಂದ ಯಾರೋ “ಲೋ ಮಗಾ, ಆಂಟಿ ಬೆಂಕಿ ಕಣೋ” ಅಂದರು. ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತು. ಮದುವೆಯಾದ ಮೇಲೆ ನನ್ನನ್ನು ಯಾರೂ ಹಾಗೆ ಅಂದಿರಲಿಲ್ಲ.

ಮೂರನೇ ಸುತ್ತಿನವನಿಗೆ ಮೂವತ್ತು ವರ್ಷ ಇರಬಹುದು, ಗಡ್ಡ ಬಿಟ್ಟಿದ್ದ. ಚೆನ್ನಾಗಿ ಆಡಿದ. ಬಂಡೆಮರಿ ಮೊದಲು ಹೋಯಿತು. ಆಮೇಲೆ ಸುಂಟರಿ. ಮದ್ದಮ್ಮ ತನ್ನದೆಲ್ಲ ಉಗ್ರಿಗೆ ಸುರಿದು ಸತ್ತಳು. ಕೊನೆಗೆ ಉಗ್ರಿ ಒಂದು, ಅವನದೂ ಒಂದು. ಉಗ್ರಿ ಹೊಡೆಯಿತು. ಅವನ ಮೃಗಕ್ಕೆ ಕೂದಲೆಳೆಯಷ್ಟು ಜೀವ ಉಳಿಯಿತು. ತಿರುಗಿ ಹೊಡೆದ, ಮುಗಿಯಿತು. ಎದ್ದು ಬರುವಾಗ ಅವನು “ಆಂಟಿ, ಟೀಮ್ ಸಖತ್ತಾಗಿತ್ತು. ಆದ್ರೆ ಆ ಇಪ್ಪತ್ತು ಯಾಕ್ ಖಾಲಿ ಬಿಟ್ರಿ? ಹಾಕಿದ್ರೆ ನಾನ್ ಇವತ್ತು ಮನೆಗ್ ಹೋಗ್ತಿದ್ದೆ” ಅಂದ. ನೀನು ಹೇಳಿದ್ದೇ ಸರಿ. ತಪ್ಪು ನನ್ನದು, ಒಪ್ಪಿಕೊಂಡೆ.

ಒಂದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಮೂವರೂ ಹೋದ ಮೇಲೆ ಉಗ್ರಿ ಒಂದೇ ನಿಂತಿತ್ತು. ಪಕ್ಕದಲ್ಲಿ ಮೂರು ಖಾಲಿ ಜಾಗ. ಇವರೆಲ್ಲ ತನಗೋಸ್ಕರ ಹೋದರು ಅಂತ ಅದಕ್ಕೆ ಗೊತ್ತಿರುತ್ತದಾ ನಂದೂ? ಗೊತ್ತಿದ್ದರೆ ಹೊಡೆಯಲು ಕೈಯಾದರೂ ಹೇಗೆ ಏಳಬೇಕು? ಏನೋ ತೋಚಿದ್ದು ಬರೆದೆ, ಬಿಡು. ಆಟವೇ ತಾನೆ.

ಅಮ್ಮ


ರಾಜಾನುಕುಂಟೆ
16 ನವೆಂಬರ್ 2025

ಕಲಾವತಿ ಆಂಟಿಗೆ,

ನಾನು ಫಾಯಿಜಾ, ನಂದಿತಾಳ ರೂಮ್‌ಮೇಟ್. ಇದನ್ನು ವಾರ್ಡನ್‌ಗೆ ತೋರಿಸದೆ ಅಡುಗೆ ಮನೆ ಅಕ್ಕನ ಕೈಯಲ್ಲಿ ಪೋಸ್ಟ್ ಮಾಡಿಸುತ್ತಿದ್ದೇನೆ. ನಂದುಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ಜೊತೆ ಮಾತು ಬಿಡುತ್ತಾಳೆ. ಬಿಟ್ಟರೆ ಬಿಡಲಿ.

ಆಂಟಿ, ಅವಳು ಸೆಪ್ಟೆಂಬರ್ ಕೊನೆಯಿಂದ ಟೆಸ್ಟಿನಲ್ಲಿ ಖಾಲಿ ಹಾಳೆ ಕೊಡುತ್ತಿದ್ದಾಳೆ. ಗೊತ್ತಿಲ್ಲದೆ ಅಲ್ಲ. ಟೆಸ್ಟ್ ಮುಗಿದ ಮೇಲೆ ನನಗೆ ಎಲ್ಲಾ ಉತ್ತರ ಹೇಳುತ್ತಾಳೆ. ಹಾಳೆ ಮುಂದೆ ಇಟ್ಟರೆ ಮಾತ್ರ ಸುಮ್ಮನೆ ಕೂರುತ್ತಾಳೆ. ಹೋದ ತಿಂಗಳು ಅವಳನ್ನು ಡಿ ಬ್ಯಾಚಿಗೆ ಹಾಕಿದರು. ಡೈರೆಕ್ಟರ್ ಸರ್ ಎಲ್ಲರೆದುರು ಅವಳಿಗೆ ಏನೇನೋ ಅಂದರು, ಅದನ್ನು ಬರೆಯಲು ನನಗೆ ಇಷ್ಟವಿಲ್ಲ. ಊಟಕ್ಕೆ ಬಂದರೂ ತಟ್ಟೆಯನ್ನು ಹಾಗೇ ತೊಳೆಯುತ್ತಾಳೆ. ಬುಧವಾರ ಬಾತ್‌ರೂಮಿನಲ್ಲಿ ತಲೆ ತಿರುಗಿ ಬಿದ್ದಳು. ಮನೆಗೆ ಹೇಳಬೇಡಿ ಅಂತ ವಾರ್ಡನ್ ಕಾಲು ಹಿಡಿದಳು.

ಭೇಟಿ ದಿನ ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಜಡೆ ಹಾಕಿಕೊಂಡು ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತಳು. ಬರಬೇಡಿ ಅಂತ ನೀನೇ ಬರೆದಿದ್ದೆಯಲ್ಲೇ ಅಂದೆ. ಗೊತ್ತು, ಸುಮ್ನೆ ಕೂತಿದ್ದೀನಿ ಅಂದಳು. ಸಾಯಂಕಾಲ ನಾಲ್ಕಕ್ಕೆ ಗೇಟ್ ಹಾಕುವವರೆಗೆ ಏಳಲಿಲ್ಲ.

ಶುಕ್ರವಾರ ನಿಮ್ಮ ಕಾಗದ ಬಂತು. ಆಂಟಿ ಬೆಂಕಿ ಅನ್ನುವಲ್ಲಿ ನಕ್ಕಳು, ಎಷ್ಟೋ ದಿನದ ಮೇಲೆ. ಕೊನೆಯ ಪ್ಯಾರಾ ಓದಿ ಕಾಗದವನ್ನು ನನ್ನ ಕೈಗೆ ಕೊಟ್ಟು, “ನೋಡೇ, ನಮ್ಮಮ್ಮಂಗೆ ಎಲ್ಲಾ ಗೊತ್ತು” ಅಂದಳು. ಆಮೇಲೆ ಬಹಳ ಅತ್ತಳು.

ನಿಮಗೆ ಗೊತ್ತಾ ಆಂಟಿ? ಗೊತ್ತಿದ್ದರೆ ಯಾಕೆ ಬರಲಿಲ್ಲ? ತಪ್ಪಾಗಿ ಕೇಳಿದ್ದರೆ ಕ್ಷಮಿಸಿ. ನನಗೆ ಹೆದರಿಕೆಯಾಗುತ್ತಿದೆ, ಅದಕ್ಕೇ ಕೇಳಿದೆ.

ಫಾಯಿಜಾ


ಕಾಲೇಜಿನ ಗೇಟಿನ ಹತ್ತಿರ
20 ನವೆಂಬರ್ 2025, ಗುರುವಾರ, ಬೆಳಿಗ್ಗೆ ಹನ್ನೊಂದೂವರೆ

ನಂದೂ,

ಗೇಟಿನ ಹೊರಗೆ ಕೂತು ಬರೆಯುತ್ತಿದ್ದೇನೆ. ಇವತ್ತು ಭೇಟಿ ದಿನವಲ್ಲ, ಒಳಗೆ ಬಿಡುವುದಿಲ್ಲವಂತೆ. ಡೈರೆಕ್ಟರ್ ಬರಲಿ, ಆಮೇಲೆ ನೋಡೋಣ ಅಂದರು. ಹಾಳೆ, ಪೆನ್ನು ಎರಡನ್ನೂ ಕೊಟ್ಟವರು ಮಹಾಲಿಂಗಪ್ಪನವರು. ಅವರೇ ಇದನ್ನು ನಿನಗೆ ತಲುಪಿಸುತ್ತಾರೆ.

ನನಗೆ ಗೊತ್ತಿರಲಿಲ್ಲ ಮಗಳೇ. ನಿನಗೆ ನನ್ನ ಮೇಲೆ ಅಷ್ಟು ನಂಬಿಕೆ, ಆದರೆ ನನಗೆ ಏನೂ ಗೊತ್ತಿರಲಿಲ್ಲ. ನೀನು ಕೆನ್ನೆ ನೋವು ಅಂದೆ, ನಾನು ಉಪ್ಪುನೀರು ಅಂದೆ. ಬರಬೇಡ ಅಂದೆ, ಬರಲಿಲ್ಲ. ಆಟದ ಮೃಗ ಒಂಟಿಯಾಗಿ ನಿಂತಿತು ಅಂತ ಮೂರು ಪುಟ ಬರೆದವಳಿಗೆ, ನೀನು ಇಲ್ಲಿ ಕೂತು ಗೇಟು ನೋಡುತ್ತಿದ್ದದ್ದು ಗೊತ್ತಾಗಲಿಲ್ಲ.

ಯಾರು ಬರೆದು ತಿಳಿಸಿದರು ಅಂತ ಕೇಳಬೇಡ. ಆ ಕಾಗದವನ್ನು ನಿನ್ನೆ ನಿಮ್ಮಪ್ಪನ ಮುಂದೆ ಇಟ್ಟೆ. ಓದಲಿಲ್ಲ. ಅವರ ಫೋನಿಗೆ ವಾರವಾರವೂ ನಿನ್ನ ಸೊನ್ನೆ ಬರುತ್ತಿತ್ತಂತೆ. “ನೀನ್ ಹೊಲ್ದು ಹೊಲ್ದು ಸಾಯ್ತಿದ್ದೆ, ನಿಂಗ್ಯಾಕ್ ಹೇಳ್ಲಿ ಅಂತ ಸುಮ್ಕಿದ್ದೆ. ಇನ್ನೆರಡು ಟ್ರಿಪ್ ಜಾಸ್ತಿ ಹೊಡ್ದು ಟ್ಯೂಷನ್ ಹಾಕ್ಸೋಣ ಅಂತಿದ್ದೆ” ಅಂದರು. ಆ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ನಿನ್ನೆಯೇ. ನೀನು ನಮಗೆ ಹೇಳಲಿಲ್ಲ, ಅವರು ನನಗೆ ಹೇಳಲಿಲ್ಲ, ನಾನು ನಿನ್ನನ್ನು ಕೇಳಲಿಲ್ಲ. ಒಬ್ಬರಿಗೊಬ್ಬರು ಅಡ್ಡ ನಿಂತು ಏಟು ತಡೆದೆವು ಅಂದುಕೊಂಡೆವು. ಎಲ್ಲ ಏಟೂ ನಿನಗೇ ಬಿತ್ತು.

ಅಜ್ಜಿಗೂ ಹೇಳಿದೆ. “ನನ್ ಕಣ್ ವಿಚಾರ ಮೊಗೀನ್ ತಲೆಗ್ ಯಾಕ್ ಆಕುದ್ರಿ? ನಾಳೇಕೇ ಆಸ್ಪತ್ರೆಗ್ ಕರ್ಕೊಂಡೋಗಿ ನನ್ನ” ಅಂತ ನನ್ನ ಮೇಲೇ ಹರಿಹಾಯ್ದರು. ಸೋಮವಾರ ಹೋಗುತ್ತಿದ್ದೇವೆ.

ನೀನು ಡಾಕ್ಟರಾಗಲಿ ಅಂತ ನನಗೆ ಈಗಲೂ ಆಸೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನೀನು ಆಗದಿದ್ದರೆ ನಾವು ಮೂವರು ಹಾಳಾಗಿ ಹೋಗುವುದಿಲ್ಲ ಕಣೇ. ನಿಮ್ಮಪ್ಪ ಟ್ಯಾಂಕರ್ ಓಡಿಸುತ್ತಾರೆ, ನಾನು ಹೊಲಿಯುತ್ತೇನೆ, ಅಜ್ಜಿ ಬಯ್ಯುತ್ತಾರೆ. ನೀನು ಹುಟ್ಟುವ ಮೊದಲೂ ಅದನ್ನೇ ಮಾಡುತ್ತಿದ್ದೆವು. ನಿನಗೋಸ್ಕರ ಅಂತ ನಿನ್ನ ತಲೆಯ ಮೇಲೆ ಹೊರಿಸಿದ್ದು ನಮ್ಮ ತಪ್ಪು.

ಮನೆಗೆ ಬರುತ್ತೀಯ ಅಂದರೆ ಈಗಲೇ ಕರೆದುಕೊಂಡು ಹೋಗುತ್ತೇನೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಇಲ್ಲೇ ಇದ್ದು ಪರೀಕ್ಷೆ ಬರೆಯುತ್ತೇನೆ ಅಂದರೆ ಅದೂ ಸರಿ. ನಿನ್ನ ಮುಖ ನೋಡಿಕೊಂಡು, ಒಂದು ತುತ್ತು ತಿನ್ನಿಸಿ ಹೋಗುತ್ತೇನೆ. ನಾನು ಕೇಳುತ್ತಿದ್ದೇನೆ ಅಂತ ನಿನಗೆ ಗೊತ್ತಾಗಲಿ ಎಂದು ಬರೆದು ಕೇಳುತ್ತಿದ್ದೇನೆ. ನಿನಗೆ ಏನು ಬೇಕು?

ಸಾಯಂಕಾಲದವರೆಗೂ ಇಲ್ಲೇ ಇರುತ್ತೇನೆ.

ಅಮ್ಮ


(ಅದೇ ಹಾಳೆಯ ಹಿಂಬದಿಯಲ್ಲಿ)

ಅಮ್ಮಾ,

ಐದು ಸಲ ಬರೆಯಲು ಹೋಗಿ ನಿಲ್ಲಿಸಿದೆ. ಮಹಾಲಿಂಗಪ್ಪನವರು ಬಾಗಿಲಲ್ಲೇ ನಿಂತಿದ್ದಾರೆ, ‘ನಿಧಾನಕ್ಕೆ ಬರಿಯವ್ವ’ ಅನ್ನುತ್ತಿದ್ದಾರೆ.

ನನಗೆ ನಿದ್ದೆ ಮಾಡಬೇಕು. ಡಾಕ್ಟರ್ ಆಗಬೇಕೋ ಬೇಡವೋ ನನಗೆ ಈಗ ಗೊತ್ತಿಲ್ಲ. ಆಮೇಲೆ ಹೇಳಿದರೆ ಆಗುತ್ತದಾ? ಮೊದಲು ನಿನ್ನ ಮಿಷನ್ ಸದ್ದು ಕೇಳಿಕೊಂಡು ಎರಡು ದಿನ ಮಲಗಬೇಕು. ಯಾರೂ ಎಬ್ಬಿಸಬಾರದು.

ಬಟ್ಟೆ ತುಂಬಿಕೊಳ್ಳುತ್ತಿದ್ದೇನೆ. ಫಾಯಿಜಾ ಮಡಚಿ ಕೊಡುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. ಅವಳೇ ಬರೆದದ್ದು ಅಂತ ಒಪ್ಪಿಕೊಂಡಳು.

ಡೈರೆಕ್ಟರ್ ಸರ್ ಬಂದು ಏನಾದರೂ ಅಂದರೆ ನೀನು ಎದ್ದು ಹೋಗಿಬಿಡಬೇಡ. ಹತ್ತು ನಿಮಿಷ. ಬರ್ತಾ ಇದ್ದೀನಿ ಅಮ್ಮಾ, ಅಲ್ಲೇ ಇರು.

ನಂದೂ